ಮತರ್ ಮಾವ ಕೊಟ್ಟ ಮಾತು

ನನ್ನ ಮಾವನಿಗೆ ಮತರ್ ಎಂದು ಹೆಸರಿಟ್ಟದ್ದು ಅವರು ಹುಟ್ಟಿದ ದಿನ ಮಳೆ ಬಂದಿತ್ತೆಂದು. ನಮ್ಮ ಅರಬಿಯಲ್ಲಿ ಮತರ್ ಎಂದರೆ ಮಳೆ. ಅದಾದ ಮೇಲೆ ಕೆಲವು ವರ್ಷ ಒಂದು ಹನಿಯೂ ಬೀಳಲಿಲ್ಲವಂತೆ. "ಇವರ ಹೆಸರೂ ಅಷ್ಟೇ, ಇವರ ಬಾಯೂ ಅಷ್ಟೇ. ವರ್ಷಕ್ಕೊಂದು ಸಲ ತೆರೆದ್ರೆ ಹೆಚ್ಚು," ಎಂದು ನಮ್ಮ ಅತ್ತೆ ಸಲಾಮಾ ಜೀವಮಾನವಿಡೀ ಹಂಗಿಸಿದರು. ಮಾವ ಅದಕ್ಕೂ ಬಾಯಿ ತೆರೆಯಲಿಲ್ಲ.

ಅವರು ಹೆಜ್ಜೆ ಓದುವವರು. ಹುಡುಗರಾಗಿದ್ದಾಗ ತಪ್ಪಿಸಿಕೊಂಡ ಒಂಟೆಗಳ ಜಾಡು ಹಿಡಿಯುತ್ತಿದ್ದರು. ಆಮೇಲೆ ಪೊಲೀಸರು ಕರೆದು ಕೆಲಸ ಕೊಟ್ಟರು. ಮರಳಿನ ಮೇಲೆ ಕಾಲಿಟ್ಟವನು ಗಂಡಸೋ ಹೆಂಗಸೋ, ಹೊರೆ ಹೊತ್ತಿದ್ದನೋ, ಹೆದರಿದ್ದನೋ, ಎಲ್ಲ ಹೇಳುತ್ತಿದ್ದರು. ಆದರೆ ಅನುಮಾನವಿದ್ದ ಕಡೆ, "ಗೊತ್ತಿಲ್ಲ" ಎಂದುಬಿಡುತ್ತಿದ್ದರು. ಸಾಹೇಬರು ಎಷ್ಟು ಒತ್ತಾಯ ಮಾಡಿದರೂ ಅದೇ ಮಾತು. ಅವರ ಬಾಯಿಂದ ಬಂದ ಸುಳ್ಳಿನಿಂದ ಒಬ್ಬನೂ ಜೈಲಿಗೆ ಹೋಗಲಿಲ್ಲ ಎಂಬುದೇ ಅವರ ಆಸ್ತಿ.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಈ ವಿದ್ಯೆ ನನಗೆ ತಲೆನೋವಾಗಿತ್ತು. "ಕಲ್ಥಮ್, ಬೆಳಿಗ್ಗೆ ಯಾರ ಮೇಲೆ ಸಿಟ್ಟು? ಅಂಗಳದಲ್ಲಿ ಹಿಮ್ಮಡಿ ಹೂತುಹೋಗಿದೆ," ಎನ್ನುತ್ತಿದ್ದರು. ಇಂಥ ಮನೆಯಲ್ಲಿ ಹೇಗೆ ಬಾಳುವುದು ಹೇಳಿ! ನಾನೇ ಹಟ ಹಿಡಿದು ಅಂಗಳಕ್ಕೆ ಕಲ್ಲು ಹಾಸಿಸಿದೆ. ಅಷ್ಟು ಹೊತ್ತಿಗೆ ದುಬೈ ಪೂರ್ತಿಗೇ ಕಲ್ಲು ಹಾಸಿ, ಡಾಂಬರು ಬಳಿದು ಮುಗಿದಿತ್ತು. ಮಾವ ನಿವೃತ್ತರಾದರು. "ಊರಿಗೆ ಈಗ ಕಾಲೇ ಇಲ್ಲ, ಬರೀ ಟೈರು," ಎಂದು ಬೀದಿ ಕೊನೆಯ ಹಂಸನ ಕಿರಾಣಿ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ಹಂಸ ಮಲಬಾರಿನವನು. ಮನೆಯಲ್ಲಿ ಮುತ್ತು ಉದುರಿಸದ ಮಾವ ಅವನ ಹತ್ತಿರ ಮಾತ್ರ ಹಿಂದಿಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ಹಾಗೆ ಹೇಳಿದ್ದೇ ತಮ್ಮ ಹುಡುಗುತನದ ಒಂದು ಕಥೆ. ಆ ಕಾಲದಲ್ಲಿ ಮಲಬಾರಿನಿಂದ ಕಾಗದಪತ್ರವಿಲ್ಲದೆ ಲಾಂಚು ಹತ್ತಿ ಬಂದವರನ್ನು ಪೂರ್ವದ ಕರಾವಳಿಯಲ್ಲಿ ಕತ್ತಿನ ಮಟ್ಟದ ನೀರಿಗೆ ಇಳಿಸಿ ಹೋಗುತ್ತಿದ್ದರು. ಅವರು ಈಜಿ ದಡ ಸೇರಿ, ಹಜರ್ ಬೆಟ್ಟ ದಾಟಿ, ಮರಳಿನಲ್ಲಿ ನಡೆದು ದುಬೈಗೆ ಬರಬೇಕಿತ್ತು. ಒಂಟೆ ಹುಡುಕಲು ಹೋಗಿದ್ದ ಹುಡುಗ ಮತರ್‌ಗೆ ಇಬ್ಬರ ಹೆಜ್ಜೆ ಕಂಡಿತು. ಒಂದು ಜೊತೆ ತೂರಾಡುತ್ತಿತ್ತು. ಹಿಂಬಾಲಿಸಿ ಹೋದರೆ ಒಂದು ಘಾಫ್ ಮರದ ನೆರಳಿನಲ್ಲಿ ಇಬ್ಬರೂ ಬಿದ್ದಿದ್ದರು. ಒಬ್ಬ ನೀರು ಕುಡಿದು ಬದುಕಿದ. ಇನ್ನೊಬ್ಬ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಅವನನ್ನು ಅಲ್ಲೇ ಹೂಳಿ, ಬದುಕಿದವನನ್ನು ಒಂಟೆಯ ಮೇಲೆ ಹಾಕಿಕೊಂಡು ಬಂದರು.

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಮಧ್ಯಾಹ್ನ, ಹಂಸ ಅಂಗಡಿಗೆ ಬೀಗ ಹಾಕಿ ಒಬ್ಬ ಹೆಂಗಸನ್ನು ನಮ್ಮ ಮನೆಗೆ ಕರೆತಂದ. ಅರವತ್ತರ ಆಸುಪಾಸು, ತಲೆಯ ವಸ್ತ್ರದ ಮೇಲೆ ಪ್ರವಾಸದ ಕಂಪನಿಯವರು ಕೊಟ್ಟ ಕಿತ್ತಳೆ ಬಣ್ಣದ ಟೋಪಿ, ಕೊರಳಲ್ಲಿ ಹೆಸರಿನ ಚೀಟಿ. ದುಬೈ ನೋಡಲು ಗುಂಪಿನಲ್ಲಿ ಬಂದವಳು. ಸುಹರಾ ಎಂದು ಹೆಸರು, ಮಲಪ್ಪುರದಲ್ಲಿ ಹಿಂದಿ ಟೀಚರಾಗಿದ್ದು ನಿವೃತ್ತಳಾದವಳು. ಗುಂಪಿನವರೆಲ್ಲ ಎತ್ತರದ ಕಟ್ಟಡ ಹತ್ತಲು ಹೋದಾಗ ಇವಳು ಜಾರಿಕೊಂಡಿದ್ದಳು. ಊರಿನವರ ಮೂಲಕ ವಿಚಾರಿಸುತ್ತ ವಿಚಾರಿಸುತ್ತ ಹಂಸನ ಅಂಗಡಿ ತಲುಪಿದ್ದಳು.

ಅತ್ತೆ ಖರ್ಜೂರ ಇಟ್ಟು, ಏಲಕ್ಕಿ ಹಾಕಿದ ಕಾಫಿ ಬಗ್ಗಿಸಿ ಕೊಟ್ಟರು. ಸುಹರಾ ಕಪ್ಪನ್ನು ತೆಗೆದುಕೊಂಡಳು, ಒಳಗೆ ನೋಡಿದಳು, ತುಟಿಗೆ ತಾಗಿಸದೆ ಜಮಖಾನದ ಮೇಲೆ ಇಟ್ಟುಬಿಟ್ಟಳು.

ಅತ್ತೆಯ ಕೈ ಹಾಗೇ ನಿಂತಿತು. ನಮ್ಮಲ್ಲಿ ಬಂದವರು ಕಾಫಿ ಮುಟ್ಟದೆ ಕೆಳಗಿಟ್ಟರೆ ಅದಕ್ಕೆ ಒಂದೇ ಅರ್ಥ: ನನ್ನದೊಂದು ಕೋರಿಕೆಯಿದೆ, ನೀವು ಒಪ್ಪಿದರೆ ಮಾತ್ರ ಕುಡಿಯುತ್ತೇನೆ. ನನ್ನ ಮಕ್ಕಳಿಗೆ ಇದೆಲ್ಲ ಗೊತ್ತಿಲ್ಲ, ಅವರು ಕುಡಿಯುವುದೇ ಕಾಗದದ ಲೋಟದಲ್ಲಿ. ಆದರೆ ಮಾವ ಕೂತಲ್ಲೇ ನೆಟ್ಟಗಾದರು.

"ಆಯ್ತು ಅಂತಲೇ ತಿಳ್ಕೋ ಮಗಳೇ. ಮಾತು ಕೊಟ್ಟೆ. ಈಗ ಹೇಳು, ಏನಾಗಬೇಕು?"

ಸುಹರಾ ಗಾಬರಿಯಾದಳು. "ಅಯ್ಯೋ, ಏನಿಲ್ಲ ಬಾಬಾ. ನಂಗೆ ಅಸಿಡಿಟಿ. ಕಾಫಿ ಆಗ್ಬರಲ್ಲ, ಅಷ್ಟೇ."

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ತೊಡೆ ಚಿವುಟಿದರು. ಆದರೆ ಸುಹರಾ ನಗಲಿಲ್ಲ. ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು ನಿಧಾನವಾಗಿ ಹೇಳಿದಳು: "ಕೇಳೋದೊಂದು ಇದೆ. ಅದಕ್ಕೇ ಬಂದಿದ್ದು. ಆ ಮರದ ಕೆಳಗೆ ನೀವು ಹೂಳಿದ್ದು ನನ್ನ ಬಾಪಾನ. ಮೊಯ್ದುಟ್ಟಿ ಅಂತ. ಅವರು ಲಾಂಚು ಹತ್ತಿದಾಗ ನಾನು ಉಮ್ಮನ ಹೊಟ್ಟೇಲಿದ್ದೆ. ಬದುಕಿ ಬಂದ ಕುಂಞಾಲಿಕ್ಕ ನಿಮ್ಮ ಹೆಸರು ಹೇಳ್ತಿದ್ರು. ನನ್ನನ್ನ ಬಾಪಾನ ಕಬರಿನ ಹತ್ರ ಕರ್ಕೊಂಡು ಹೋಗ್ತೀರಾ?"

ಮಾವನ ಮುಖ ನೋಡಿದೆ. ಆ ಕಡೆಯ ಮರಳುಗುಡ್ಡಗಳನ್ನೆಲ್ಲ ಕಡಿದು ಸಪಾಟು ಮಾಡಿ ಬಡಾವಣೆ ಎಬ್ಬಿಸಿ ಎಷ್ಟು ವರ್ಷವಾಯಿತು! ಮೊದಲೇ ಕೇಳಿದ್ದರೆ, ಅದೆಲ್ಲ ಹೋಯಿತು ತಾಯಿ, ಮನೆಯಲ್ಲೇ ಕೂತು ದುವಾ ಮಾಡು ಎನ್ನಬಹುದಿತ್ತು. ಈಗ ಮಾತು ಹೊರಗೆ ಬಿದ್ದಾಗಿತ್ತು.

ಅತ್ತೆ ಅರಬಿಯಲ್ಲಿ ಪಿಸುಗುಟ್ಟಿದರು. "ಆಗಲ್ಲ ಅಂದ್ಬಿಡಿ. ಅವಳು ಗೊತ್ತಿಲ್ದೆ ಇಟ್ಟಿದ್ದು, ಅದು ಲೆಕ್ಕಕ್ಕಿಲ್ಲ."

"ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತಲ್ಲ," ಎಂದರು ಮಾವ.

ಮಾರನೆಯ ದಿನದಿಂದ ಹುಡುಕಾಟ. ಕಾರು ನಡೆಸಿದವಳು ನಾನು. ಮಾವ ಪಕ್ಕದಲ್ಲಿ, ಸುಹರಾ ಹಿಂದೆ. ಬೆಟ್ಟದ ಸಾಲಿನಲ್ಲಿ ಒಂದು ಕಚ್ಚು, ಅದಕ್ಕೆ ಎದುರಾಗಿ ಒಂದು ಬಾವಿ, ಬಾವಿಯಿಂದ ಇಂತಿಷ್ಟು ದೂರ ಎಂದು ಮಾವನ ತಲೆಯಲ್ಲಿ ಎಲ್ಲ ಇತ್ತು. ಆದರೆ ಬೆಟ್ಟವನ್ನು ಕಟ್ಟಡಗಳು ಮರೆಸಿದ್ದವು, ಬಾವಿಯ ಜಾಗದಲ್ಲಿ ಮೇಲ್ಸೇತುವೆ ಇತ್ತು. "ಇಲ್ಲೇ ಬಲಕ್ಕೆ ಹೋಗು," ಎನ್ನುವರು. ಬಲಕ್ಕೆ ದಾರಿಯೇ ಇಲ್ಲ. ಮುಂದಿನ ತಿರುವಿಗೆ ಹೋಗಿ ಸುತ್ತಿ ಬರುವಷ್ಟರಲ್ಲಿ ದಿಕ್ಕು ಕಲಸಿಹೋಗುವುದು. ಫೋನಿನ ಹೆಂಗಸು ದಾರಿ ಹೇಳಿದರೆ ಅವಳ ಜೊತೆಗೂ ಜಗಳ.

"ಬಾಯಿ ಮುಚ್ಚಿಸು ಅವಳದ್ದು. ನಾನು ಹೋಗ್ಬೇಕಾದ್ದು ಅವಳಿಗೇನು ಗೊತ್ತು?"

"ಮಾವ, ಅವಳಿಗೆ ರಸ್ತೆ ಗೊತ್ತು."

"ರಸ್ತೆ ಗೊತ್ತು. ನೆಲ ಗೊತ್ತಾ?"

ಸುಹರಾ ಹಿಂದೆ ಕೂತು ತನ್ನಷ್ಟಕ್ಕೆ ಮಾತಾಡುತ್ತಿದ್ದಳು. ಗುಂಪಿನವರ ಜೊತೆ ಮರಳುಗಾಡು ತೋರಿಸಲು ಕರೆದುಕೊಂಡು ಹೋಗಿದ್ದರಂತೆ. ಜೀಪು ಕುಲುಕಿಸಿದರು, ಕಬಾಬು ತಿನ್ನಿಸಿದರು, ಒಬ್ಬಳು ಸೊಂಟ ಕುಣಿಸಿದಳು. "ಎಲ್ರೂ ಮರಳಲ್ಲಿ ಜಾರಿ ಜಾರಿ ನಗ್ತಿದ್ರು. ನಾನು ಚಪ್ಪಲಿ ಊರೋಕೂ ಹೆದರ್ತಿದ್ದೆ. ಯಾರನ್ನ ತುಳೀತಿದ್ದೀನೋ ಅಂತ," ಎಂದಳು. ನಾನು ಕನ್ನಡಿಯಲ್ಲಿ ಅವಳನ್ನು ನೋಡಿದೆ.

ಗುಂಪು ಊರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಹೊಸ ಬಡಾವಣೆಯೊಂದರ ಅಂಚಿನಲ್ಲಿ ಹೋಗುತ್ತಿದ್ದೆವು. ಮಾವ ಇದ್ದಕ್ಕಿದ್ದಂತೆ, "ನಿಲ್ಸು, ನಿಲ್ಸು!" ಎಂದು ಕೂಗಿ, ಕಾರು ನಿಲ್ಲುವ ಮೊದಲೇ ಬಾಗಿಲು ತೆರೆದರು. ಒಂದು ಸಣ್ಣ ಪಾರ್ಕು. ಸುತ್ತ ಹುಲ್ಲು, ಮಧ್ಯೆ ಒಂದು ದೊಡ್ಡ ಘಾಫ್ ಮರ. ಅದರ ಕಾಂಡದ ಮೇಲೆ, ಎದೆಯ ಎತ್ತರದಲ್ಲಿ, ಅವರ ಮನೆತನದ ಒಂಟೆಗಳಿಗೆ ಹಾಕುವ ಮುದ್ರೆ. ಕಬರಿನ ಗುರುತಿಗೆಂದು ಹುಡುಗ ಮತರ್ ಚೂರಿಯಿಂದ ಕೆತ್ತಿದ್ದು ತೊಗಟೆಯ ಜೊತೆಗೆ ಅಗಲವಾಗಿ ಬೆಳೆದಿತ್ತು. ಬೆಳಗಿನ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದಿತ್ತು.

"ಇದೇ. ನನ್ನ ಕೈಯಿಂದ ಕೆತ್ತಿದ್ದು," ಎಂದರು ಮಾವ. ಅವರು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸುಹರಾ ಮರವನ್ನು ತಬ್ಬಿಕೊಂಡು ಅಳತೊಡಗಿದಳು.

ಮಾವ ಮರದ ಸುತ್ತ ಒಂದು ಸಲ ಬಂದರು. ಮುದ್ರೆ ನೋಡಿದರು, ಸೂರ್ಯನನ್ನು ನೋಡಿದರು, ಮತ್ತೆ ಮುದ್ರೆ ನೋಡಿದರು. ಬಗ್ಗಿ ಬುಡದ ಮಣ್ಣನ್ನು ಚಿಟಿಕೆಯಲ್ಲಿ ಹಿಡಿದು ಉಜ್ಜಿದರು. ಅವರ ನಗು ಅಲ್ಲೇ ಆರಿಹೋಯಿತು. ಅವರಿಗೆ ಸುಸ್ತಾಗಿರಬೇಕು ಎಂದುಕೊಂಡೆ ನಾನು.

"ಯಾವ ಕಡೆ ಬಾಬಾ? ಬಾಪಾ ಯಾವ ಕಡೆ ಇದ್ದಾರೆ?" ಸುಹರಾ ಕಣ್ಣೊರೆಸಿಕೊಂಡು ಕೇಳಿದಳು.

ಮಾವ ಚಿಟಿಕೆಯ ಮಣ್ಣನ್ನು ಕೆಳಗೆ ಬಿಟ್ಟರು. ಆಮೇಲೆ ಬೆರಳು ಚಾಚಿದರು. "ಇಲ್ಲಿ."

ಅವಳು ಚಪ್ಪಲಿ ಬಿಟ್ಟು ಅಲ್ಲಿ ಕೂತಳು. ತೀರಿದವರಿಗಾಗಿ ಓದುವ ಫಾತಿಹಾ ಓದಿದಳು. ನೆಲವನ್ನು ಸವರಿ ಸವರಿ ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು. ಊರಿನ ಸುದ್ದಿ ಇರಬೇಕು, ಮಧ್ಯೆ ಒಂದೆರಡು ಕಡೆ ನಕ್ಕಳು ಕೂಡ. ಹೊರಡುವಾಗ ಬೇರೆ ಏನೂ ಸಿಗದೆ ಆ ಕಿತ್ತಳೆ ಟೋಪಿಯಲ್ಲೇ ಮಣ್ಣು ತುಂಬಿಕೊಂಡಳು.

ಅವಳನ್ನು ಹೋಟೆಲಿಗೆ ಬಿಟ್ಟು ಬಂದ ಮೇಲೆ ಮಾವ ಊಟ ಮುಟ್ಟಲಿಲ್ಲ. ಸಂಜೆಯ ನಮಾಜು ಮುಗಿಸಿ ನನ್ನನ್ನು ಕರೆದರು.

"ಮರ ಅದೇ, ಕಲ್ಥಮ್. ಜಾಗ ಅದಲ್ಲ."

ನನಗೆ ಅರ್ಥವಾಗಲಿಲ್ಲ.

"ಕಬರು ಇರೋ ಕಡೆಗೇ ಮುದ್ರೆ ಹಾಕಿದ್ದೆ, ಕಿಬ್ಲಾದ ಕಡೆಗೆ, ಮಕ್ಕಾ ಇರೋ ಪಡುವಣಕ್ಕೆ. ಇವತ್ತು ಬೆಳಿಗ್ಗೆಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಮರ ತಿರುಗಿದೆ. ಮರ ತಾನಾಗಿ ತಿರುಗುತ್ತಾ? ಎಲ್ಲಿಂದಲೋ ಕಿತ್ತು ತಂದು ಇಲ್ಲಿ ನೆಟ್ಟಿದ್ದಾರೆ. ಬುಡದ ಮಣ್ಣು ಕೂಡ ನಮ್ಮದಲ್ಲ, ಗೊಬ್ಬರ ಬೆರೆಸಿ ಲಾರೀಲಿ ತಂದು ಸುರಿದದ್ದು."

"ಹಾಗಾದ್ರೆ ಅವನು?"

"ಎಲ್ಲೋ. ಯಾರದೋ ಮನೆ ಕೆಳಗೆ." "ಗೊತ್ತಿಲ್ಲ ಅನ್ನೋ ಮಾತು ನನ್ನ ಬಾಯಿಂದ ಎಷ್ಟು ಸಲ ಬಂದಿಲ್ಲ! ಇವತ್ತು ಬರಲಿಲ್ಲ. ನಾಳೆ ಹೋಗಿ ಹೇಳ್ಬೇಕು."

ಬೆಳಿಗ್ಗೆ ಹೋಟೆಲಿಗೆ ಹೋದೆವು. ಗುಂಪಿನವರ ಸೂಟ್‌ಕೇಸುಗಳ ನಡುವೆ ಸುಹರಾ ಫೋನು ಹಿಡಿದು ನಿಂತಿದ್ದಳು. ಮಾವನನ್ನು ಕಂಡವಳೇ ಓಡಿ ಬಂದು ಫೋನನ್ನು ಅವರ ಮುಖಕ್ಕೆ ಹಿಡಿದಳು. ಪರದೆಯ ಮೇಲೆ ಬಿಳಿ ಬಟ್ಟೆ ಹೊದ್ದ ಒಬ್ಬ ಮುದುಕಿ, ಬಾಯಲ್ಲಿ ಹಲ್ಲಿಲ್ಲ, ಕಣ್ಣು ತುಂಬ ನೀರು.

"ನನ್ನ ಉಮ್ಮ, ಬಾಬಾ. ಕುಂಞಾಲಿಕ್ಕ ಎಷ್ಟು ಹೇಳಿದ್ರೂ ನಂಬಿರಲಿಲ್ಲ. ಕಬರು ಕಂಡೋರು ಯಾರು, ತೋರಿಸಿ ಅಂತಿದ್ರು. ಇಷ್ಟು ವರ್ಷ ಬಾಪಾನ ಹೆಸರಲ್ಲಿ ಒಂದು ಫಾತಿಹಾ ಓದಿಸೋಕೆ ಬಿಡಲಿಲ್ಲ. ಬದುಕಿರೋರಿಗೆ ಓದಿಸ್ತೀರಾ ಅಂತ ಬೈತಿದ್ರು. ನಿನ್ನೆ ನಾನು ಹೇಳಿದ ಮೇಲೆ ಮೊದಲನೇ ಸಲ ಅತ್ತಿದ್ದಾರೆ. ಇವತ್ತು ಊರವರನ್ನ ಕರೆದು ಓದಿಸ್ತಾರಂತೆ."

ಮುದುಕಿ ಏನೋ ಹೇಳಿದಳು. ಸುಹರಾ ಹಿಂದಿಗೆ ತಿರುಗಿಸಿದಳು: "ನನ್ನ ಮನುಷ್ಯನಿಗೆ ನೀರು ಕೊಟ್ಟ ಕೈ ಅದು. ಅಲ್ಲಾಹು ಅದನ್ನ ತಣ್ಣಗಿಡಲಿ ಅಂತಾರೆ."

ಮಾವ ಬಾಯಿ ತೆರೆದರು. ಮುಚ್ಚಿದರು. ಎದೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದರು, ಅಷ್ಟೇ. ಬಸ್ಸು ಬಂತು.

ದಾರಿಯುದ್ದಕ್ಕೂ ನಾನೇ ಮಾತಾಡಿದೆ. "ಬಿಡಿ ಮಾವ. ಆ ಅಜ್ಜಿ ನೆಮ್ಮದಿಯಾಗಿ ಕಣ್ಣೀರು ಹಾಕಿದಳಲ್ಲ, ಸಾಕು. ನೀವೇನು ಯಾರನ್ನಾದರೂ ಜೈಲಿಗೆ ಕಳಿಸಿದ್ರಾ? ಯಾರಿಗೇನು ನಷ್ಟ ಇದರಲ್ಲಿ?" ಎಂದೆ. ನಾನು ಹೇಳಿದ್ದು ಸರಿ ಎಂದೇ ನನಗೆ ಅನಿಸಿತ್ತು. ಮಾವ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ಅವತ್ತಿನಿಂದ ಹಂಸನ ಅಂಗಡಿಗೆ ಹೋಗುವುದನ್ನೂ ನಿಲ್ಲಿಸಿದರು. ಹಂಸ ಬಂದು ಕರೆದರೆ ಮಂಡಿನೋವು ಎಂದರು. ಮಂಡಿ ಚೆನ್ನಾಗಿಯೇ ಇತ್ತು.

ಮುಂದಿನ ರಂಜಾನಿಗೆ ಮುಂಚೆ ಒಂದು ಮಧ್ಯಾಹ್ನ ಸುಹರಾ ನನ್ನ ಫೋನಿಗೆ ಕರೆ ಮಾಡಿದಳು. ಉಮ್ಮ ತೀರಿಕೊಂಡರೆಂದಳು. ಮಾವನಿಗೆ ಕೇಳಲೆಂದು ಫೋನಿನ ದನಿ ಜೋರು ಮಾಡಿ ಅವರ ಮುಂದೆ ಇಟ್ಟೆ.

"ಕಷ್ಟಪಡಲಿಲ್ಲ ಬಾಬಾ. ಆ ಮಣ್ಣನ್ನ ಚೀಲದಲ್ಲಿ ಹೊಲಿದು ದಿಂಬಿನ ಕೆಳಗೆ ಇಟ್ಕೊಂಡಿದ್ರು. ಜೊತೇಲಿ ಬಾಳೋಕೆ ಆಗಲಿಲ್ಲ, ಮಣ್ಣಲ್ಲಾದ್ರೂ ಜೊತೇಲಿರ್ತೀನಿ, ನನ್ನ ಮಗ್ಗುಲಲ್ಲೇ ಹಾಕಿ ಅಂದಿದ್ರು. ಹಾಗೇ ಮಾಡಿದ್ವಿ. ಮೊದಲು ಚೀಲ ಬಿಚ್ಚಿ ಬಾಪಾನ ಮಣ್ಣು ಹಾಕಿ, ಆಮೇಲೆ ನಾವು ಹಾಕಿದ್ವಿ."

"ಅಲ್ಲಾಹು ಅವರಿಗೆ ಕರುಣೆ ತೋರಲಿ," ಎಂದರು ಮಾವ. ದನಿ ಸರಿಯಾಗಿಯೇ ಇತ್ತು. ಸುಹರಾ ಇನ್ನೂ ಏನೇನೋ ಹೇಳಿ, ಅಳುತ್ತ, ಥ್ಯಾಂಕ್ಸ್ ಹೇಳಿ ಫೋನಿಟ್ಟಳು.

ಮಾವ ತಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂತಿದ್ದರು.

"ಯಾರಿಗೇನು ನಷ್ಟ ಅಂದ್ಯಲ್ಲ ಕಲ್ಥಮ್," ಎಂದರು. "ಅಷ್ಟು ವರ್ಷ ಒಬ್ಬನಿಗಾಗಿ ಕಾದವಳು. ಅವಳ ಮಗ್ಗುಲಲ್ಲಿ ನಾನು ಯಾರನ್ನ ಮಲಗಿಸಿಬಿಟ್ಟೆ?"

ಮಾವ ಆ ಬೇಸಿಗೆ ದಾಟಲಿಲ್ಲ. ಅವರನ್ನು ದೊಡ್ಡ ಖಬರಸ್ತಾನದಲ್ಲಿ ಮಣ್ಣು ಮಾಡಿದೆವು. ಬೇಕೆಂದಾಗ ಹೋಗಿ ನೋಡಬಹುದು. ಮೊಯ್ದುಟ್ಟಿ ಮಾತ್ರ ಈ ಊರಿನಲ್ಲೇ ಎಲ್ಲೋ, ಯಾರದೋ ಮನೆಯ ಕೆಳಗೆ ಒಬ್ಬನೇ ಇದ್ದಾನೆ. ಅವನನ್ನು ಹುಡುಕಿಕೊಂಡು ಬರುವವರು ಈಗ ಯಾರೂ ಇಲ್ಲ.