ಉಸಿರು ಬಿಡುವುದನ್ನು ಕಲಿತ ಮೈದುನ

ಮೊನ್ನೆ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಗೆಂದು ಶೇಂಗಾ ಹುರಿಯುತ್ತಿದ್ದೆ. ಶೇಂಗಾ ಬಾಣಲೆಯಲ್ಲಿದ್ದಾಗ ನಾನು ಯಾರ ಫೋನನ್ನೂ ಎತ್ತುವುದಿಲ್ಲ. ಮಾತು ಒಂದಿಷ್ಟು ಉದ್ದವಾದರೆ ಕಾಳು ಕಪ್ಪಾಗಿರುತ್ತದೆ. ಆದರೆ ಅಂದು ಬಂದದ್ದು ಗುರುತಿಲ್ಲದ ನಂಬರು. ಮೈದುನ ಮಲ್ಲಪ್ಪ ಸಿಲಿಂಡರು ಕಟ್ಟಿಕೊಂಡು ನೀರಿನಲ್ಲಿ ಮುಳುಗುವುದನ್ನು ಕಲಿಯಲು ಕಾರವಾರದ ಕಡೆ ಹೋಗಿದ್ದ. ಹಟ ಹಿಡಿದು ಕಳಿಸಿದವಳು ನಾನೇ. ಒಲೆ ಆರಿಸಿ, ಬಸವಣ್ಣನನ್ನು ನೆನೆದು ಫೋನು ಎತ್ತಿದೆ.

"ಮಲ್ಲಪ್ಪ ಅವರ ಮನೆಯವರಾ? ನಾನು ಇಲ್ಲಿ ಡೈವಿಂಗ್ ಕಲಿಸುವವಳು," ಎಂದಿತು ಒಂದು ಹೆಣ್ಣುದನಿ.

"ಏನಾತ್ರಿ ಅವಗ?" ಎಂದು ಕೂಗಿದೆ. "ಗಾಬರಿಯಾಗಬೇಡಿ, ಚೆನ್ನಾಗಿದ್ದಾರೆ. ಅವರ ಫೋನು ನೀರಿಗೆ ಬಿತ್ತು. ನಿಮ್ಮ ಜೊತೆ ಮಾತಾಡಬೇಕಂತೆ," ಎಂದಳು. ಊರವರ ಸಾಮಾನನ್ನೆಲ್ಲ ನೀರಿನಿಂದ ಎತ್ತಿಕೊಡುವವನ ಫೋನೇ ನೀರಿಗೆ ಬಿತ್ತೆಂದರೆ ಬೇರೆ ದಿನ ನಕ್ಕಿರುತ್ತಿದ್ದೆ.

ಮಲ್ಲುವಿಗೆ ಈ ಹುಚ್ಚು ಹಿಡಿದ ಬಗೆಯನ್ನು ಮೊದಲು ಹೇಳಬೇಕು. ನಮ್ಮದು ಕೊಲ್ಹಾರ. ಹಳೆಯ ಊರು ಕೃಷ್ಣೆಯ ಹಿನ್ನೀರಿನಡಿ ಹೋದ ಮೇಲೆ ಎತ್ತರದಲ್ಲಿ ಕಟ್ಟಿದ ಹೊಸ ಊರಿಗೆ ನಾನು ಸೊಸೆಯಾಗಿ ಬಂದವಳು. ನನ್ನ ತವರು ಸಿಂದಗಿ. ಅಲ್ಲಿ ನೀರೆಂದರೆ ಬಾವಿಯ ತಳದಲ್ಲಿ ಇಣುಕಿ ನೋಡುವಂಥದ್ದು. ಇಲ್ಲಿ ಮಾಳಿಗೆ ಹತ್ತಿದರೆ ಕಣ್ಣು ಹರಿಯುವಷ್ಟೂ ನೀರೇ. ಮಲ್ಲು ಮೊದಲು ಬಾವಿಯಲ್ಲಿ, ಆಮೇಲೆ ಆ ಹಿನ್ನೀರಿನಲ್ಲಿ ಈಜಿ ಬೆಳೆದವನು. ಯಾರದಾದರೂ ನೀರೆತ್ತುವ ಮೋಟರು ಜಾರಿ ನೀರಿಗೆ ಬಿದ್ದರೆ, ಪೈಪಿನ ಬಾಯಿಗೆ ಕಸ ಸಿಕ್ಕರೆ, "ಮಲ್ಲೂನ್ನ ಕರೀರಿ" ಎನ್ನುತ್ತಿದ್ದರು. ಉಸಿರು ಬಿಗಿಹಿಡಿಯುವ ಅವನ ದಮ್ಮು ಅಂಥದ್ದು. ದಂಡೆಯಲ್ಲಿ ಕುಳಿತವರು ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡರೂ ಅವನ ತಲೆ ನೀರಿನ ಮೇಲೆ ಕಾಣುತ್ತಿರಲಿಲ್ಲ. ಆಗೆಲ್ಲ ನನಗೆ ಗೊತ್ತಿದ್ದ ದೇವರುಗಳ ಹೆಸರು ಮುಗಿದು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಸೇತುವೆಯ ಕೆಲಸಕ್ಕೆ ಬಂದಿದ್ದ ಪರವೂರಿನ ಗೆಳೆಯನೊಬ್ಬ ಹೋಗುವಾಗ ತನ್ನ ಹಳೆಯ ಗಾಳಿ ಸಿಲಿಂಡರು, ಬಾಯಲ್ಲಿ ಕಚ್ಚಿಕೊಳ್ಳುವ ನಳಿಗೆ, ಕಣ್ಣು ಮೂಗು ಮುಚ್ಚುವ ರಬ್ಬರಿನ ಮುಖವಾಡ ಎಲ್ಲವನ್ನೂ ಮಲ್ಲುವಿಗೆ ಬಿಟ್ಟುಹೋದ. ಉಳಿದದ್ದನ್ನು ಇವನು ಮೊಬೈಲಿನಲ್ಲಿ ನೋಡಿ ತಾನೇ ಕಲಿತ. ಅತ್ತೆಗೆ ಬಲು ಖುಷಿ.

"ಹಂಗಾರ ನಮ್ಮ ಹಳೀ ಮನ್ಯಾಗ ಬೀಸೂಕಲ್ಲ ಐತೇನು ನೋಡಿ ಬಾರಪಾ."

ಅವನು ಹೋಗಿ ಬಂದು, "ಯವ್ವಾ, ರಾಡಿಯೊಳಗ ನನ್ನ ಕೈ ನನಗ ಕಾಣವಲ್ತು, ನಿನ್ನ ಬೀಸೂಕಲ್ಲ ಎಲ್ಲಿ ಹುಡುಕ್ಲಿ?" ಎಂದ. ಅವನು ಸರಿಯಾಗಿ ಹುಡುಕಲಿಲ್ಲವೆಂದೇ ಅತ್ತೆ ಇಂದಿಗೂ ಹೇಳುತ್ತಾರೆ.

ಒಂದು ದಿನ ಬುತ್ತಿ ಕೊಡಲು ದಂಡೆಗೆ ಹೋಗಿದ್ದೆ. ಮೇಲೆ ಬಂದವನ ಮುಖವಾಡದೊಳಗೆ ರಕ್ತ. "ಮೂಗಿನ ರಗತರೀ ವೈನಿ, ಮೈಗೆ ಹೀಟಾಗೈತಿ. ಮಜ್ಜಿಗಿ ಕುಡದ್ರ ಹೋಗತೈತಿ," ಎಂದು ಅತ್ತಿಗೆಯ ಗಾಬರಿ ನೋಡಿ ನಕ್ಕ. ನನಗೆ ನಗು ಬರಲಿಲ್ಲ. ಮನೆಗೆ ಬಂದು ನಮ್ಮ ಮನೆಯವರಿಗೆ, ಇವನು ಎಲ್ಲಾದರೂ ಸರಿಯಾಗಿ ಕಲಿತು ಸರ್ಟಿಫಿಕೇಟು ತರಲಿ ಎಂದೆ.

"ನದೀ ದಂಡ್ಯಾಗ ಬೆಳದಾಂವಗ ಯಾರೋ ಕಾಗದಾ ಕೊಡಬೇಕೇನ? ನಿನಗ ರೊಟ್ಟಿ ಬಡ್ಯಾಕ ಯಾವ ಸರ್ಕಾರ ಸರ್ಟಿಫಿಕೇಟ್ ಕೊಟ್ಟೈತಿ?" ಎಂದರು ಅವರು.

ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ರೊಟ್ಟಿ ಬಡಿದಷ್ಟೂ ಹರಿಯುತ್ತಿತ್ತು. ಅತ್ತೆ ಪಕ್ಕದಲ್ಲಿ ಕುಳಿತು, ನೀರು ಕುದಿಯುವ ಮೊದಲೇ ಹಿಟ್ಟು ಕಲೆಸುತ್ತೀ ಎಂದು ತಿದ್ದಿದ ಮೇಲೆ ದಾರಿಗೆ ಬಂತು. ಅದು ನೆನಪಾದಾಗ ಉತ್ತರವೂ ಸಿಕ್ಕಿತು.

"ನನ್ನ ಬಾಜೂಕ ಅತ್ತಿ ಕುಂತಿದ್ರು. ನೀರಿನ ತಳದಾಗ ಅವನ ಬಾಜೂಕ ಯಾರದಾರ್ರಿ? ಮತ್ತ ನನ್ನ ಹರದ ರೊಟ್ಟಿ ಎಮ್ಮಿ ತಿಂತಿತ್ತು."

ಮಾತಿನಲ್ಲಿ ಗೆದ್ದೆ, ಕೆಲಸ ಮಾತ್ರ ಆಗಲಿಲ್ಲ. ಮಲ್ಲು ಮರುದಿನವೇ ಇನ್ನೊಬ್ಬರ ಮೋಟರು ಎತ್ತಲು ಹೊರಟು ನಿಂತಿದ್ದ. ನಾನು ಜಳಕ ಮಾಡಿ, ಮುಖವಾಡವನ್ನೂ ತೊಳೆದು, ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ ಒಂದು ಹೂ ಏರಿಸಿದೆ. ಜಗಲಿ ಏರಿದ ವಸ್ತುವನ್ನು ನಮ್ಮ ಮನೆಯಲ್ಲಿ ಹಾಗೆಲ್ಲ ಯಾರೂ ಇಳಿಸುವುದಿಲ್ಲ.

"ವೈನಿ, ಅದು ದೇವರಲ್ಲರೀ!"

"ಇವತ್ತಿನಿಂದ ಹೌದು. ಕೈ ಮುಗಿ."

"ಲಿಂಗದ ಬಾಜೂಕ ರಬ್ಬರೇನ್ರಿ?"

ಒಳಗಿನಿಂದ ಅತ್ತೆ, "ಇಟ್ಟಾಳ, ಇರಲಿ. ಮುಟ್ಟಿದಿ ಅಂದ್ರ ನೋಡು!" ಎಂದರು.

ಬಸವಣ್ಣನಿಗೆ ನನ್ನ ಉಪಾಯ ಹಿಡಿಸಿತೋ ಇಲ್ಲವೋ, ಕ್ಷಮಿಸಿರಬೇಕು. ಕೆಲವು ದಿನ ಮುಖ ಊದಿಸಿಕೊಂಡು ತಿರುಗಿದ ಮಲ್ಲು ಕಡೆಗೆ ಬಸ್ಸು ಹತ್ತಿದ. "ಬರೇ ಕಾಗದಾ ತರಾಕ ಹೊಂಟೇನಿ ವೈನಿ. ಕಲ್ಯೂದು ಏನೂ ಉಳದಿಲ್ಲ."

ಈಗ ಫೋನಿನಲ್ಲಿ ಅದೇ ದನಿ. ಆ ಗತ್ತು ಮಾತ್ರ ಇರಲಿಲ್ಲ.

"ವೈನಿ, ಇವತ್ತ ಈಜೂ ಹೊಂಡದಾಗ ಇಳಿಸಿದ್ರು. ತಳದಾಗ ಸಿಲಿಂಡರಿನ ಗಾಳಿ ಎದಿ ತುಂಬ ತಗೊಂಡು, ದಮ್ಮ ಹಿಡದ ಮ್ಯಾಲ ಹೊಂಟೆ. ಬಾವ್ಯಾಗ ಹಂಗ ಬರ್ತೇವಲ್ರಿ. ಈ ಟೀಚರ್ ನನ್ನ ಕಾಲ ಹಿಡದ ಜಗ್ಗಿದ್ಲು. ಉಸರ ಬಿಡೂತನಾ ಬಿಡಲೇ ಇಲ್ಲ."

"ಯಾಕೋ?"

"ಬಾವ್ಯಾಗ ಮ್ಯಾಲಿನ ಗಾಳಿ ತಗೊಂಡ ಮುಳಗತೇವಿ, ಅದ ಗಾಳಿ ತಗೊಂಡ ಏಳತೇವಿ. ಸಿಲಿಂಡರಿಂದು ಹಂಗಲ್ಲಂತ್ರಿ. ತಳದಾಗ ಎಳಕೊಂಡ ಗಾಳಿ ಮ್ಯಾಲ ಬಂದಂಗ ಉಬ್ಬತೈತಿ. ಬಾಯಿ ಬಿಗಿ ಹಿಡದ್ರ ಎದಿಯೊಳಗ ಶ್ವಾಸಕೋಶನ ಹರದಬಿಡ್ತೈತಂತ. ಉಸರ ಬಿಡಕೋತ ಬಿಡಕೋತ ಏಳಬೇಕಂತ."

ಸೀಟಿ ಕಟ್ಟಿಕೊಂಡ ಕುಕ್ಕರು ನನ್ನ ಕಣ್ಣ ಮುಂದೆ ಬಂತು. "ಇಲ್ಲಿ ಹ್ಯಾಂಗ ಏಳತಿದ್ದಿ?" ಎಂದೆ.

"ದಮ್ಮ ಹಿಡದರೀ. ಮುಖವಾಡ ಸೋರತಿತ್ತಲ್ರಿ, ನೀರ ಹೊರಗ ಹಾಕಾಕ ಆಗಾಗ ಮೂಗಲೇ ಊದತಿದ್ದೆ. ಅದಕ ಉಳದಿರಬೇಕು."

ನನಗೆ ಅಳುವೂ ಬಂತು, ನಗುವೂ ಬಂತು. ಹೊಸ ಮುಖವಾಡ ಕೊಡಿಸೆಂದು ಅವನು ಎಷ್ಟು ಕಾಡಿದ್ದ! ಊರೆಲ್ಲ ಹೊಗಳಿದ ದಮ್ಮೇ ಅವನನ್ನು ಒಯ್ಯುತ್ತಿತ್ತು. ಬಾವಿ ಅವನಿಗೆ ಸುಳ್ಳು ಕಲಿಸಿರಲಿಲ್ಲ; ಸಿಲಿಂಡರಿನ ಸಂಗತಿ ಬಾವಿಗೆ ಏನು ಗೊತ್ತು? ತಾನೇ ಕಲಿತವನಿಗೆ ತನ್ನ ತಪ್ಪೂ ಜಾಣತನದಂತೆ ಕಾಣುತ್ತದೆ. ಕಾಗದದ ಮೇಲೆ ನನಗೂ ಅಂಥ ಭಕ್ತಿಯಿಲ್ಲ. ಕಾಲು ಹಿಡಿದು ಜಗ್ಗುವವರೊಬ್ಬರು ಬೇಕು.

"ಟೀಚರಗ ಇದನ್ನ ಹೇಳೀ ಏನ?"

"ಹಿಂಗ ಮಾಡಿದ್ದ ಇದ ಮದಲನೇ ಸಲ ಅಂತ ಹೇಳೇನ್ರಿ. ಭಾಳ ಬೈತಾಳ, ನಿಮಗಿಂತ ಜೋರ ಅದಾಳ."

"ಫೋನ್ ಆಕಿ ಕೈಯಾಗ ಕೊಡು."

"ವೈನೀ..."

"ಕೊಡು ಅಂದ್ನಿ."

ಆಕೆಗೆ ಎಲ್ಲವನ್ನೂ ಹೇಳಿದೆ. ಆ ಚಟ ಬಿಡುವವರೆಗೆ ಅವನಿಗೆ ಸರ್ಟಿಫಿಕೇಟು ಕೊಡಬೇಡಿರೆಂದು ಬೇಡಿಕೊಂಡೆ. ಆಕೆ, "ಹೇಳಿದ್ದು ಒಳ್ಳೆಯದಾಯ್ತಮ್ಮ. ನಾಳೆ ಮತ್ತೆ ಮೊದಲಿನಿಂದ ಶುರು ಮಾಡ್ತೀನಿ," ಎಂದಳು. ಹಿಂದಿನಿಂದ ಮಲ್ಲು ತಲೆ ತಲೆ ಬಡಿದುಕೊಳ್ಳುವುದು ಇಲ್ಲಿಗೇ ಕೇಳಿಸಿದಂತಾಯಿತು. ಬಡಿದುಕೊಳ್ಳಲಿ, ಜೀವ ಗಟ್ಟಿಯಿದೆಯಲ್ಲ.

ಮನೆಯವರು ಹೊಲದಿಂದ ಬಂದಾಗ ಅವರ ಮುಂದೆಯೂ ಹೇಳಿದೆ. ಅವರು ಟವೆಲ್ಲನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. ಆಮೇಲೆ ಮೋಟರು ನೀರಿಗೆ ಬಿದ್ದು ಮಲ್ಲುವಿಗಾಗಿ ಕಾಯುತ್ತಿದ್ದವರಿಗೆ ಫೋನು ಹಚ್ಚಿದರು. "ಮಲ್ಲೂ ಸದ್ಯಕ್ಕ ಬರಂಗಿಲ್ಲ ನೋಡ್ರಿ. ಕ್ರೇನ್ ಹೇಳಕೋರಿ. ಇಲ್ರಿ, ಅಂವ ಇನ್ನಾ ಕಲ್ಯಾಕತ್ತಾನ."

ಅಷ್ಟರಲ್ಲಿ ಅತ್ತೆ ಅಂಗಳದಿಂದ, "ನಳಾ ಬಂದಾವ, ಯಾರರೆ ಕೊಡಾ ಹಚ್ಚರಿ!" ಎಂದು ಕೂಗಿದರು. ನಾನು ಕೊಡ ಎತ್ತಿಕೊಂಡು ಹೋದೆ. ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ. ಅಂದು ಕೊಡ ತುಂಬುವವರೆಗೆ ಅದರ ಪಕ್ಕದಲ್ಲೇ ಕುಳಿತೆ.