ಬಾಣಂತಿ ಕೋಣೆಯ ಕೆಂಡ

ಅಗ್ರಹಾರದ ನಮ್ಮ ಮನೆಯಲ್ಲಿ ಅಕ್ಕನ ಬಾಣಂತನ. ಕರೆಂಟು ಹೋಗಿ ಹೀಟರ್ ನಿಂತಿತೆಂದು ಅಮ್ಮ ಕೋಣೆಯೊಳಗೆ ಬಾಂಡ್ಲಿ ತುಂಬ ಇದ್ದಿಲ ಕೆಂಡ ಇಟ್ಟು, ಕಿಟಕಿ ಸಂದಿಗೆಲ್ಲ ಹಳೆ ಸೀರೆ ತುರುಕಿ, ಬಾಗಿಲು ಮುಚ್ಚಿದ್ದಳು. ಮಗುವಿನ ತೊಟ್ಟಿಲು ಪಡಸಾಲೆಯಲ್ಲಿತ್ತು, ಅದೇ ಪುಣ್ಯ.

ಎಷ್ಟು ಕೂಗಿದರೂ ಅಕ್ಕ ಓಗೊಡಲಿಲ್ಲ. ಬಾಗಿಲು ಒದ್ದು ನುಗ್ಗಿದೆ. ಅವಳ ಕತ್ತು ವಾಲಿತ್ತು. ಸ್ಟೂಲಿನಿಂದ ಕಿಟಕಿಯ ಗಾಜು ಪುಡಿ ಮಾಡಿದೆ, ಅವಳನ್ನು ರೆಟ್ಟೆ ಹಿಡಿದು ಹೊರಗೆಳೆದು ಕೆನ್ನೆಗೆ ಬಾರಿಸಿದೆ.

ಅಮ್ಮ ಪೊರಕೆಯಿಂದ ನನ್ನ ಬೆನ್ನಿಗೆ ಚಚ್ಚಿದಳು. "ಬಾಣಂತಿಗೆ ಗಾಳಿ ಹೊಡೆಸಿ ಸಾಯಿಸ್ಬುಡ್ತೀಯಲ್ಲೋ, ಪಾಪಿ!"

"ಸಾಯಿಸ್ತಿದ್ದಿದ್ದು ನಿನ್ ಕೆಂಡ ಕಣಮ್ಮ!"

"ಹೊಗೆನೇ ಇರ್ಲಿಲ್ವಲ್ಲೋ!"

"ಮುಚ್ಚಿದ್ ಕೋಣೇಲಿ ಕೆಂಡದ ವಿಷಗಾಳಿ ತುಂಬ್ಕೊಳ್ಳುತ್ತಮ್ಮ, ಅದು ಕಣ್ಣಿಗೂ ಕಾಣಲ್ಲ, ವಾಸನೆನೂ ಬರಲ್ಲ!"

ಅಷ್ಟರಲ್ಲಿ ಅಕ್ಕ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಪೊರಕೆ ಕೆಳಗೆ ಬಿತ್ತು.

ಈಗ ಕರೆಂಟು ಹೋದರೆ ನಮ್ಮಲ್ಲಿ ಕಂಬಳಿ, ಬಿಸಿನೀರಿನ ಚೀಲ, ಅಷ್ಟೇ. ಮೊನ್ನೆ ನನ್ನ ಹೆಂಡತಿಯ ಬಾಣಂತನಕ್ಕೆ ಬಂದ ಅತ್ತೆ ಕೆಂಡದ ಬಾಂಡ್ಲಿ ಹಿಡಿದು ಕೋಣೆಗೆ ಹೊರಟರು. ಅಮ್ಮ ಅದನ್ನು ಕಿತ್ತು ಬೀದಿಗೆಸೆದಳು.