ಪುಣೆಯಿಂದ ಬಂದ ತಾಮ್ರಗೆರೆಯ ಹಲಗೆ

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ವಾಯರ್‌ಮನ್ ಆಗಿದ್ದ ಶೇಖಪ್ಪನಿಗೆ ಚಟ ಅಂತ ಇದ್ದದ್ದು ಒಂದೇ, ರೇಡಿಯೋ. ಎಲೆ-ಅಡಿಕೆಯನ್ನೂ ಮುಟ್ಟದವ, ರಜೆ ಬಂತೆಂದರೆ ತಂತಿ, ಬೆಸುಗೆ ಸಾಮಾನು ಹರವಿಕೊಂಡು ಪಡಸಾಲೆಯಲ್ಲಿ ಕೂತುಬಿಡುತ್ತಿದ್ದ. ಹೆಂಡತಿ ಮಾಲವ್ವನಿಗೆ ಆ ಸುಟ್ಟ ವಾಸನೆ ಸೇರದು. ಆದರೂ ಗಂಡ ಕಣ್ಣೆದುರಿಗೇ ಇರುತ್ತಾನಲ್ಲ ಎಂದು ಸುಮ್ಮನಿದ್ದಳು.

೧೯೬೫ರ ಯುದ್ಧ ಸುರುವಾದ ಹೊತ್ತು. ಊರ ತುಂಬ ಗೂಢಚಾರರದೇ ಮಾತು. ಜೋಯಿಡಾದ ಕಾಡಿನಲ್ಲಿ ಯಾರೋ ವಿಮಾನದಿಂದ ಛತ್ರಿ ಕಟ್ಟಿಕೊಂಡು ಇಳಿದಿದ್ದಾರಂತೆ, ಕಾರ್ಖಾನೆಗೆ ಬಾಂಬು ಬೀಳುತ್ತದಂತೆ. ಅಂಥ ಒಂದು ಮಧ್ಯಾಹ್ನ, ಶೇಖಪ್ಪ ಪಾಳಿಗೆ ಹೋದಾಗ, ಟಪಾಲಿನವ ಪಾರ್ಸಲ್ ತಂದುಕೊಟ್ಟ. ಪುಣೆಯ ರೇಡಿಯೋ ಕಾರ್ಖಾನೆಯಲ್ಲಿದ್ದ ಗೆಳೆಯ ಪರಸಪ್ಪ ಕಳಿಸಿದ್ದು. ಹೊದಿಕೆ ದಾರಿಯಲ್ಲೇ ಹರಿದಿತ್ತು. ಒಳಗೆ ಅಂಗೈ ಅಗಲದ ಕಂದು ಹಲಗೆಗಳು, ಮೈತುಂಬ ತಾಮ್ರದ ಗೆರೆ.

ನೆರೆಮನೆಯ ನೀಲಕ್ಕ ಬಗ್ಗಿ ನೋಡಿದಳು. “ಯವ್ವಾ, ನಕಾಶೆ ಇದ್ದಂಗ ಐತಲ್ಲ! ಇದು ಹೊಳಿ, ಇದು ರಸ್ತೆ... ನಿನ್ನ ಗಂಡ ಏನ್ ನಡಿಸ್ಯಾನ?”

ನೀಲಕ್ಕ ಅತ್ತ ಹೋದದ್ದೇ ತಡ, ಮಾಲವ್ವ ಹಲಗೆಗಳನ್ನು ಜೋಳದ ಗಡಿಗೆಯೊಳಗೆ ತುರುಕಿದಳು.

ಹೊತ್ತಿಳಿಯುವ ಮುಂಚೆ ಪೊಲೀಸಿನವ ಬಾಗಿಲಿಗೆ ಬಂದ. “ಏನವಾ, ಪಾರ್ಸಲ್ ಬಂದೈತಂತ?”

“ಇಲ್ರೀ. ನಮಗ್ಯಾರು ಕಳಸ್ತಾರ್ರಿ?”

ಅವನು ಮನೆಯ ನಂಬರು ಬರೆದುಕೊಂಡು ಹೊರಟುಹೋದ. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ತುಸು ಹೊತ್ತಿಗೆ ನೀಲಕ್ಕನೇ ಓಡಿಬಂದಳು: ಶೇಖಪ್ಪನನ್ನು ಕಾರ್ಖಾನೆಯ ಗೇಟಿನಿಂದಲೇ ಠಾಣೆಗೆ ಒಯ್ದಿದ್ದಾರೆ.

ಅಲ್ಲಿ ಅವನು ಪಾರ್ಸಲ್ ಬರುವುದಿತ್ತು ಎಂದೇ ಹೇಳುತ್ತಾನೆ. ಇಲ್ಲಿ ತಾನು ಪಾರ್ಸಲ್ಲೇ ಬಂದಿಲ್ಲ ಎಂದಾಗಿದೆ. ಮಾಲವ್ವ ಹಲಗೆಗಳನ್ನು ಉಡಿಯಲ್ಲಿ ಕಟ್ಟಿಕೊಂಡು ನಡೆದಳು. ಎದುರು ಬಂದವರೆಲ್ಲ ತನ್ನ ಉಡಿಯನ್ನೇ ನೋಡಿದಂತಾಯಿತು. ಹಲಗೆಯ ಅಂಚು ಹೊಟ್ಟೆಗೆ ಚುಚ್ಚುತ್ತಿತ್ತು. ಕಾಳಿ ಹೊಳೆಯ ಕಡೆ ದಾರಿ ಕವಲೊಡೆದಲ್ಲಿ ನಿಂತಳು. ಒಗೆದುಬಿಟ್ಟರೆ? ಒಗೆದರೆ ಗಂಡ ಠಾಣೆಯಲ್ಲಿ ಏನು ತೋರಿಸಿಯಾನು? ಮತ್ತೆ ಹೆಜ್ಜೆ ಹಾಕಿದಳು.

ಠಾಣೆಯಲ್ಲಿ ಶೇಖಪ್ಪ ಗೋಡೆಗೆ ಬೆನ್ನು ಹಚ್ಚಿ ಬರಿಗಾಲಲ್ಲಿ ನಿಂತಿದ್ದ. ಅವನ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಮೇಜಿನ ಮೇಲೆ ಉಡಿ ಬಿಚ್ಚಿದಳು. ಹಲಗೆಯ ಜೊತೆ ನಾಲ್ಕು ಕಾಳು ಜೋಳವೂ ಉದುರಿತು.

“ನಾ ಸುಳ್ಳ ಹೇಳಿದ್ನಿರಿ, ಸಾಹೇಬ್ರ. ಅಂಜಿ ಹೇಳಿದ್ನಿ. ಇವರಿಗೇನೂ ಗೊತ್ತಿಲ್ರಿ.”

ಠಾಣೆಯ ಫೌಜದಾರ ಹಲಗೆಯನ್ನು ಬೆಳಕಿಗೆ ಹಿಡಿದ. “ಏನೋ ಇದು?”

“ರೇಡಿಯೋದ್ದರಿ,” ಎಂದ ಶೇಖಪ್ಪ. “ತಂತಿ ಬದಲಿ ತಾಮ್ರದ ಗೆರಿ. ಹೊಸಾ ನಮೂನಿ ಮಾಡ್ಯಾರ, ಹಚ್ಚಿ ನೋಡಂತ ಗೆಳ್ಯಾ ಕಳಸ್ಯಾನ್ರಿ.”

ಫೌಜದಾರನಿಗೆ ನಂಬಿಕೆ ಬರಲಿಲ್ಲ. ಕಾರ್ಖಾನೆಯ ಇಂಜಿನಿಯರರನ್ನು ಕರೆಸಿ, ಅವರೂ ರೇಡಿಯೋದ್ದೇ ಎಂದ ಮೇಲೆಯೇ ಬಿಟ್ಟದ್ದು. ಹಲಗೆಗಳು ಮಾತ್ರ ಅಲ್ಲೇ ಉಳಿದವು.

ಇಬ್ಬರೂ ಮನೆಗೆ ಬಂದರು. ಬಾಗಿಲ ಹತ್ತಿರ ಶೇಖಪ್ಪ, “ನೀ ಬರದಿದ್ರ...” ಎಂದು ಅಲ್ಲಿಗೇ ನಿಲ್ಲಿಸಿದ.

ಯುದ್ಧ ನಿಂತು, ಚಳಿ ಬಿದ್ದ ಮೇಲೆ ಹಲಗೆಗಳು ಮರಳಿ ಬಂದವು. ಒಂದು ಸೀಳಿತ್ತು. ಉಳಿದವುಗಳಲ್ಲಿ ಶೇಖಪ್ಪ ರೇಡಿಯೋ ಕಟ್ಟಿದ, ರೇಡಿಯೋ ಇಡಲು ಆಗ ಬೇಕಿದ್ದ ಲೈಸೆನ್ಸನ್ನೂ ಮಾಡಿಸಿದ. ಒಂದು ಐತವಾರ ಅದು ಗೊರಗೊರ ಎಂದು, ಒಳಗಿಂದ ಮನುಷ್ಯನ ದನಿ ಸ್ಪಷ್ಟವಾಗಿ ಬಂದಾಗ ಅವನ ಮುಖ ಅರಳಿತು. ಮಾಲವ್ವ ಎದ್ದು ಹೋಗಿ ಬಾಗಿಲು, ಕಿಡಕಿ ಎಲ್ಲ ಮುಚ್ಚಿದಳು.

“ಸಣ್ಣಗ ಹಚ್ಚರಿ,” ಎಂದಳು. “ಇನ್ನೂ ಸಣ್ಣಗ.”